‘ಗಾಡಿ ಐತಲ್ಲ’ ಎಂದು ಶ್ರೀಶೈಲಕ್ಕೆ ನಡೆದವರ ಪಾಡು

ಬಾಗಲಕೋಟೆ ಕಡೆಯ ಒಂಬತ್ತು ಜನರ ತಂಡ. ಯುಗಾದಿಗೆ ಶ್ರೀಶೈಲ ಪಾದಯಾತ್ರೆ, ಎಲ್ಲರಿಗೂ ಮೊದಲನೆಯ ಸಲ. ಜೊತೆಗೊಂದು ಬಾಡಿಗೆ ಟಾಟಾ ಏಸ್. ಹಾಸಿಗೆ, ರೊಟ್ಟಿ ಗಂಟು, ನೀರಿನ ಕ್ಯಾನು, ಗುಳಿಗೆ ಡಬ್ಬಿ ಎಲ್ಲ ಅದರಲ್ಲಿ. ನಡೆಯುವವರ ಹತ್ತಿರ ಮೊಬೈಲು ಮತ್ತು ಕಿಸೆಯಲ್ಲಿ ಇನ್ನೂರು ರೂಪಾಯಿ, ಅಷ್ಟೇ. ಹೊರಡುವ ಮುಂಚೆ ಹಿರಿಯರು ಏನು ಕೇಳಿದರೂ ಅವರದು ಒಂದೇ ಉತ್ತರ: ‘ಗಾಡಿ ಐತಲ್ಲ.’

ಒಂಬತ್ತರಲ್ಲಿ ನಡೆದುಕೊಂಡೇ ಮಲ್ಲಯ್ಯನ ಗುಡಿ ಮುಟ್ಟಿದವರು ನಾಲ್ವರು. ಮೂವರು ನಡುವೆಯೇ ಬಸ್ಸು ಹತ್ತಿದರು. ಒಬ್ಬರು ಕಾಲು ಕೀವಾಗಿ ಕರ್ನೂಲಿನಲ್ಲಿ ಆಸ್ಪತ್ರೆ ಸೇರಿದರು, ಇನ್ನೊಬ್ಬರು ಅವರ ಹಾಸಿಗೆ ಕಾಯ್ದರು. ಮುಟ್ಟಿದ ನಾಲ್ವರಲ್ಲೂ ಒಬ್ಬರು ಕಾಡಿನಲ್ಲಿ ಕಣ್ಣು ಕತ್ತಲೆ ಬಂದು ಬಿದ್ದಿದ್ದರು. ಈ ಪೈಕಿ ಯಾವುದೂ ದೈವದ ಪರೀಕ್ಷೆ ಅಲ್ಲ. ಎಲ್ಲವೂ ಲೆಕ್ಕದ ತಪ್ಪು, ಗಂಟು ಕಟ್ಟಿದ ತಪ್ಪು.

ಮೊದಲು ಲೆಕ್ಕ. ಬಾಗಲಕೋಟೆಯಿಂದ ರಾಯಚೂರು, ಕರ್ನೂಲು, ಆತ್ಮಕೂರು ಹಾಯ್ದು ಕಾಡಿನ ಹಾದಿ ಹಿಡಿದು ಶ್ರೀಶೈಲ ಸೇರಲು ನಾನೂರು ಕಿಲೋಮೀಟರಿಗೂ ಹೆಚ್ಚು. ಇವರಿಗೆ ಸಿಕ್ಕಿದ್ದ ರಜೆ ಹತ್ತು ದಿನ. ಹಾಗಾಗಿ ದಿನಕ್ಕೆ ನಲವತ್ಮೂರು ಕಿಲೋಮೀಟರ್ ಎಂದು ಭಾಗಿಸಿ ಹಾಳೆಯ ಮೇಲೆ ಬರೆದುಕೊಂಡರು. ಹಾಳೆಯ ಮೇಲೆ ಕಾಲು ನೋಯುವುದಿಲ್ಲ.

ರೂಢಿ ಇಲ್ಲದವರ ನಡಿಗೆ ಗಂಟೆಗೆ ನಾಲ್ಕು ಕಿಲೋಮೀಟರ್. ಕುಳಿತೆದ್ದದ್ದು, ಚಹಾ ಕುಡಿದದ್ದು ಸೇರಿಸಿದರೆ ಮೂರೂವರೆ. ಬೆಳಗಿನ ಜಾವ ಮೂರಕ್ಕೆ ಎದ್ದು ಹೊರಟರೂ ಒಂಬತ್ತೂವರೆಗೆ ಬಿಸಿಲು ನಿಲ್ಲಿಸುತ್ತದೆ. ಅಷ್ಟರಲ್ಲಿ ಇಪ್ಪತ್ತೆರಡು ಕಿಲೋಮೀಟರ್ ಆಗಿರುತ್ತದೆ. ಸಂಜೆ ಐದರಿಂದ ಏಳೂವರೆವರೆಗೆ ಇನ್ನೊಂದು ಎಂಟು. ಅಂದರೆ ದಿನಕ್ಕೆ ಮೂವತ್ತು, ಅದೂ ಕಾಲು ಚೆನ್ನಾಗಿದ್ದರೆ. ನಲವತ್ಮೂರು ಮುಟ್ಟಿಸಲು ಉಳಿದ ಹದಿಮೂರನ್ನು ಮಧ್ಯಾಹ್ನದ ಡಾಂಬರಿನ ಮೇಲೆ ನಡೆಯಬೇಕು, ಇಲ್ಲವೆ ನಿದ್ದೆಯಲ್ಲಿ ಕತ್ತರಿಸಬೇಕು. ಇವರು ಎರಡನ್ನೂ ಮಾಡಿದರು.

ಹಳಬರ ಲೆಕ್ಕ ಸುಲಭ: ಹೋಳಿ ಹುಣ್ಣಿಮೆಯಿಂದ ಪಾಡ್ಯಕ್ಕೆ ಹದಿನೈದು ದಿನ. ಬಣ್ಣ ಆಡಿ ಹೊರಟರೆ ಯುಗಾದಿಗೆ ಅಲ್ಲಿ. ದಿನಕ್ಕೆ ಇಪ್ಪತ್ತೆಂಟು ಮೂವತ್ತು ಬೀಳುತ್ತದೆ, ನಡುವೆ ಒಂದು ದಿನ ಕಾಲು ಚಾಚಿ ಮಲಗಲೂ ಆಗುತ್ತದೆ. ಅಷ್ಟು ರಜೆ ಇಲ್ಲದಿದ್ದರೆ ರಾಯಚೂರಿನಿಂದಲೋ ಕರ್ನೂಲಿನಿಂದಲೋ ನಡೆಯಲು ಶುರುಮಾಡಿ. ಮನೆ ಬಾಗಿಲಿನಿಂದಲೇ ನಡೆಯಬೇಕೆಂಬ ಹಟದಲ್ಲಿ ಅರ್ಧ ದಾರಿ ಬಸ್ಸಿನಲ್ಲಿ ಹೋಗುವುದಕ್ಕಿಂತ ಅದು ಮೇಲು.

ಯುಗಾದಿ ಯಾವ ತಾರೀಖಿಗೆ ಬೀಳುತ್ತದೆ ಎಂಬುದನ್ನೂ ನೋಡಿಕೊಳ್ಳಿ. 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಅಧಿಕ ಮಾಸ ಬಂದದ್ದರಿಂದ 2027ರಲ್ಲಿ ಏಪ್ರಿಲ್ 7. ರಾಯಚೂರು, ಕರ್ನೂಲು ಸೀಮೆಯಲ್ಲಿ ಆ ಹತ್ತೊಂಬತ್ತು ದಿನಕ್ಕೆ ಬಿಸಿಲಿನ ರೂಪವೇ ಬದಲಾಗುತ್ತದೆ. ‘ಹೋದ ವರ್ಷ ನಮ್ಮ ಅಣ್ಣ ಹನ್ನೊಂದರ ತನಕ ನಡೆದಿದ್ದ’ ಎಂಬ ಮಾತು ತಡವಾಗಿ ಬೀಳುವ ಯುಗಾದಿಗೆ ನಡೆಯುವುದಿಲ್ಲ.

ಇನ್ನು ಕಾಲಿನ ವಿಷಯ. ಇಬ್ಬರು ಹೊರಡುವ ಹಿಂದಿನ ವಾರ ಹೊಸ ಬೂಟು ಕೊಂಡರು, ಅಳತೆಗೆ ಸರಿಯಾಗಿ. ದಿನಪೂರ್ತಿ ನಡೆದ ಪಾದ ಊದಿಕೊಳ್ಳುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಬೂಟು ಸಂಜೆಗೆ ಇಕ್ಕಳ. ಬೂಟು ಕೊಳ್ಳುವುದಾದರೆ ಸಂಜೆ ಹೋಗಿ, ಹಾಕಿಕೊಳ್ಳುವ ಕಾಲುಚೀಲದ ಸಮೇತ, ತುದಿಯಲ್ಲಿ ಒಂದು ಹೆಬ್ಬೆರಳಿನಗಲ ಜಾಗ ಇರುವಂಥದ್ದು ಕೊಳ್ಳಿ. ಹೊರಡುವ ಮುನ್ನ ಅದರಲ್ಲಿ ಎಂಬತ್ತು ನೂರು ಕಿಲೋಮೀಟರ್ ನಡೆದಿರಬೇಕು. ಉಗುರನ್ನು ಮೂರು ದಿನ ಮುಂಚೆ ನೇರವಾಗಿ ಕತ್ತರಿಸಿ. ಉದ್ದ ಬಿಟ್ಟರೆ ಇಳಿಜಾರಿನಲ್ಲಿ ಬೂಟಿನ ತುದಿಗೆ ಬಡಿದು ಕಪ್ಪಾಗಿ ಕಿತ್ತುಬರುತ್ತದೆ.

ಬರಿಗಾಲಿನ ಹರಕೆಯವರಿಗೆ ಬೇರೆ ಮಾತು. ಅಂಗಾಲು ಗಟ್ಟಿಯಾಗಲು ಎರಡು ತಿಂಗಳು ಬೇಕು. ಮೊದಲು ಹೊಲದ ಮಣ್ಣಿನ ಮೇಲೆ, ಆಮೇಲೆ ಮುರ್ರಮ್ ರಸ್ತೆಯ ಮೇಲೆ, ಕೊನೆಗೆ ಡಾಂಬರಿನ ಮೇಲೆ ಬೆಳಗಿನ ತಂಪಿನಲ್ಲಿ. ಮಾರ್ಚ್ ಕೊನೆಯ ಮಧ್ಯಾಹ್ನ ಡಾಂಬರಿನ ಮೇಲೆ ಕೈ ಇಟ್ಟು ಐದು ಎಣಿಸಲಾಗದಿದ್ದರೆ ಅದರ ಮೇಲೆ ಪಾದ ಇಡುವುದು ಭಕ್ತಿಯಲ್ಲ, ಸುಟ್ಟುಕೊಳ್ಳುವುದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಬರಿಗಾಲಿನಲ್ಲಿ ನಡೆಯಲೇಬಾರದು. ಅವರಿಗೆ ಸುಟ್ಟದ್ದೂ ಮುಳ್ಳು ಮುರಿದದ್ದೂ ಗೊತ್ತಾಗುವುದಿಲ್ಲ. ಮರಗಾಲು ಕಟ್ಟಿಕೊಂಡು ಶ್ರೀಶೈಲದವರೆಗೆ ನಡೆಯುವವರನ್ನು ದಾರಿಯಲ್ಲಿ ನೋಡುತ್ತೀರಿ. ಕೈ ಮುಗಿಯಿರಿ, ಅನುಕರಿಸಬೇಡಿ.

ಗುಳ್ಳೆ ಏಳುವುದು ಬರೀ ಉಜ್ಜಾಟದಿಂದಲ್ಲ. ಉಜ್ಜಾಟ, ಬೆವರು, ಬಿಸಿ ಮೂರೂ ಸೇರಿ. ಅದರಲ್ಲಿ ಒಂದನ್ನು ತೆಗೆದರೂ ಕಡಿಮೆಯಾಗುತ್ತದೆ. ಹತ್ತಿಯ ಕಾಲುಚೀಲ ಬೆವರು ಹೀರಿ ಒದ್ದೆಯಾಗಿಯೇ ಉಳಿಯುತ್ತದೆ. ಬೇಗ ಒಣಗುವ ತೆಳು ಕಾಲುಚೀಲ ಮೂರು ಜೊತೆ ಇರಲಿ. ಎರಡು ಗಂಟೆಗೊಮ್ಮೆ ಬೂಟು ಬಿಚ್ಚಿ, ಪಾದ ಆರಿಸಿ, ಕಾಲುಚೀಲ ಬದಲಿಸಿ, ಒದ್ದೆಯಾದದ್ದನ್ನು ಬೆನ್ನಚೀಲದ ಮೇಲೆ ಒಣಗಲು ಹಾಕಿ. ಹಿಮ್ಮಡಿಯೋ ಹೆಬ್ಬೆರಳಿನ ಬುಡವೋ ಬಿಸಿಯಾಗಿ ಉರಿಯಲು ಶುರುವಾದ ಕೂಡಲೇ, ಗುಳ್ಳೆ ಏಳುವ ಮುಂಚೆಯೇ, ನಿಂತು ಔಷಧಿ ಅಂಗಡಿಯ ಬಟ್ಟೆ ಟೇಪನ್ನು ಸುಕ್ಕಿಲ್ಲದಂತೆ ಅಂಟಿಸಬೇಕು. ‘ಮುಂದಿನ ಊರಲ್ಲಿ ನೋಡೋಣ’ ಎಂದರೆ ಮುಂದಿನ ಊರಿಗೆ ಗುಳ್ಳೆ ಒಡೆದಿರುತ್ತದೆ. ಇವರ ಟೇಪು ಗಾಡಿಯಲ್ಲಿತ್ತು. ಗಾಡಿ ಏಳು ಕಿಲೋಮೀಟರ್ ಮುಂದೆ ಮರದ ನೆರಳಲ್ಲಿ ನಿಂತಿತ್ತು.

ಆಸ್ಪತ್ರೆ ಸೇರಿದವರ ಕಥೆ ಇಲ್ಲಿಂದಲೇ ಶುರು. ಮೂರನೆಯ ದಿನ ಎದ್ದ ಗುಳ್ಳೆಗೆ ಯಾರೋ ಹೇಳಿದಂತೆ ಸೂಜಿಯಲ್ಲಿ ದಾರ ಪೋಣಿಸಿ, ನೀರು ಇಳಿಯಲೆಂದು ದಾರವನ್ನು ಒಳಗೇ ಬಿಟ್ಟರು. ಈ ಪದ್ಧತಿ ಎಲ್ಲ ಪರಸೆಯಲ್ಲೂ (ಯಾತ್ರಿಕರ ತಂಡದಲ್ಲೂ) ಇದೆ, ಎಲ್ಲ ವರ್ಷವೂ ಕೆಲವರ ಕಾಲು ಕೆಡಿಸುತ್ತದೆ. ದಾರದ ಗುಂಟ ಧೂಳು, ಬೆವರು, ರೋಗಾಣು ಒಳಗೆ ಇಳಿಯುತ್ತವೆ. ನೋವಿಲ್ಲದ ಸಣ್ಣ ಗುಳ್ಳೆಯನ್ನು ಮುಟ್ಟಬೇಡಿ. ದೊಡ್ಡದಾಗಿ ನಡೆಯಲು ಆಗದಿದ್ದರೆ ಕೈ ತೊಳೆದು, ಸ್ಪಿರಿಟ್ಟಿನಲ್ಲಿ ಒರೆಸಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ಒತ್ತಿ ತೆಗೆಯಿರಿ, ಮೇಲಿನ ಚರ್ಮವನ್ನು ಕೀಳಬೇಡಿ, ಪೊವಿಡೋನ್ ಅಯೋಡಿನ್ ಹಚ್ಚಿ ಗಾಯಕ್ಕೆ ಕಟ್ಟುವ ತೆಳು ಬಟ್ಟೆ ಕಟ್ಟಿ. ಸುತ್ತ ಕೆಂಪು ಹರಡಿದರೆ, ಚಳಿ ಜ್ವರ ಬಂದರೆ ನಡಿಗೆ ಅಲ್ಲಿಗೇ ನಿಲ್ಲಬೇಕು. ಇವರು ಜ್ವರದಲ್ಲೇ ಎರಡು ದಿನ ನಡೆದರು.

ನೋವಿನ ಗುಳಿಗೆಯ ಬಗ್ಗೆ ಒಂದು ಮಾತು, ಏಕೆಂದರೆ ಹೆಚ್ಚಿನವರಿಗೆ ಇದರ ಅಪಾಯ ಗೊತ್ತಿಲ್ಲ. ಬಸ್ಸು ಹತ್ತಿದ ಮೂವರೂ ಬೆಳಿಗ್ಗೆ ಸಂಜೆ ಡೈಕ್ಲೋಫಿನಾಕ್ ನುಂಗಿ ನಡೆದವರು. ಮೈಯಲ್ಲಿ ನೀರು ಆರಿರುವಾಗ ಡೈಕ್ಲೋಫಿನಾಕ್, ಐಬುಪ್ರೊಫೆನ್ ಜಾತಿಯ ಗುಳಿಗೆಗಳು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಖಾಲಿ ಹೊಟ್ಟೆಗೆ ಹುಣ್ಣು ಮಾಡುತ್ತವೆ. ನೋವು ಮುಚ್ಚಿಹೋಗುವುದರಿಂದ ಮೊಣಕಾಲಿನ ಗಾಯ ಇನ್ನೂ ಹೆಚ್ಚಾಗುತ್ತದೆ. ತೀರಾ ಬೇಕಾದರೆ ಪ್ಯಾರಾಸಿಟಮಾಲ್ ಸಾಕು. ಬಿಪಿಗೆ ಮೂತ್ರ ಹೆಚ್ಚಿಸುವ ಗುಳಿಗೆ ತೆಗೆದುಕೊಳ್ಳುವವರು ಹೊರಡುವ ಮುಂಚೆಯೇ ವೈದ್ಯರನ್ನು ಕೇಳಬೇಕು.

ಓಆರ್‌ಎಸ್ ಪೊಟ್ಟಣದ ಮೇಲೆ ಒಂದು ಲೀಟರಿಗೆ ಎಂದಿದ್ದರೆ ಒಂದು ಲೀಟರಿಗೇ ಕಲಸಬೇಕು. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿದರೆ ಬಾಯಾರಿಕೆ ಇನ್ನೂ ಏರುತ್ತದೆ, ಹೊಟ್ಟೆ ಕೆಡುತ್ತದೆ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಅಂಚಿನ ಮಟ್ಟಕ್ಕೆ ತುಂಬಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಬರೀ ನೀರನ್ನೇ ದಿನಪೂರ್ತಿ ಕುಡಿಯುವುದೂ ತಪ್ಪು. ಬೆವರಿನ ಜೊತೆ ಹೋದ ಉಪ್ಪು ಹಿಂದಿರುಗದೆ ತಲೆನೋವು, ವಾಂತಿ ಬರುತ್ತದೆ. ದಾಸೋಹದಲ್ಲಿ ಉಪ್ಪು ಹಾಕಿದ ಮಜ್ಜಿಗೆ ಸಿಕ್ಕರೆ ಬಿಡಬೇಡಿ. ಬಿಡಬೇಕಾದದ್ದು ಹತ್ತು ಗಂಟೆಯ ಮಿರ್ಚಿ ಭಜಿ ಮತ್ತು ಎಲ್ಲಿಯದೋ ಮಂಜುಗಡ್ಡೆ ಹಾಕಿದ ಶರಬತ್ತು. ಪ್ರೀತಿಯಿಂದ ಕೊಡುತ್ತಾರೆ, ನಿಜ. ಕೈಮುಗಿದು ಬಾಳೆಹಣ್ಣು ಕೇಳಿ.

ಈಗ ಕಾಡು. ಇಡೀ ಯಾತ್ರೆ ಕೆಟ್ಟದ್ದು ಇಲ್ಲೇ.

ಆತ್ಮಕೂರು ದಾಟಿ ವೆಂಕಟಾಪುರದ ಹತ್ತಿರ ಕಾಲುಹಾದಿ ನಲ್ಲಮಲ ಕಾಡಿಗೆ ಇಳಿಯುತ್ತದೆ. ನಾಗಲೂಟಿ, ಪೆಚ್ಚೆರುವು, ಭೀಮುನಿ ಕೊಲನು, ಕೈಲಾಸದ್ವಾರ, ಹಾಟಕೇಶ್ವರ, ಆಮೇಲೆ ಶ್ರೀಶೈಲ. ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಸಂರಕ್ಷಿತ ಪ್ರದೇಶದ ಒಳಗಿನ ಈ ಹಾದಿಯನ್ನು ಅರಣ್ಯ ಇಲಾಖೆ ಶಿವರಾತ್ರಿ ಮತ್ತು ಯುಗಾದಿಯ ಗೊತ್ತುಪಡಿಸಿದ ದಿನಗಳಲ್ಲಿ ಮಾತ್ರ ಬಿಡುತ್ತದೆ. ಆ ದಿನಗಳು ಯಾವುವೆಂದು ತಿಳಿಯದೆ ಹೊರಡಬೇಡಿ. ಒಂದು ದಿನ ಮುಂಚೆ ಹೋದವರನ್ನು ತಡೆದು ನಿಲ್ಲಿಸುತ್ತಾರೆ. ಸುಮಾರು ನಲವತ್ತು ಕಿಲೋಮೀಟರ್ ಕಲ್ಲು, ಬೇರು, ಏರಿಳಿತ. ಮೊಬೈಲ್ ಸಿಗ್ನಲ್ ನಂಬುವಂತಿಲ್ಲ.

ಮುಖ್ಯವಾದದ್ದು: ಈ ಹಾದಿಯಲ್ಲಿ ಗಾಡಿ ಬರುವುದಿಲ್ಲ. ಅದು ದೋರ್ನಾಲ ಸುತ್ತಿ ಘಾಟ್ ರಸ್ತೆಯಲ್ಲಿ ಶ್ರೀಶೈಲಕ್ಕೆ ಹೋಗಿ ಕಾಯಬೇಕು. ಆ ರಸ್ತೆಯ ಅರಣ್ಯ ಚೆಕ್‌ಪೋಸ್ಟ್ ರಾತ್ರಿ ಮುಚ್ಚುತ್ತದೆ. ಅಂದರೆ ಎರಡು ದಿನ ನಿಮಗೂ ಗಾಡಿಗೂ ಸಂಬಂಧವಿಲ್ಲ. ಇದು ನಮ್ಮ ತಂಡಗಳ ಹಿರಿಯರಿಗೆಲ್ಲ ಗೊತ್ತು. ಹೊಸಬರು ಕೇಳಲಿಲ್ಲ, ಚಾಲಕನಿಗೆ ತಿಳಿಯದು. ವೆಂಕಟಾಪುರದಲ್ಲಿ ಗಾಡಿ ತಿರುಗಿಕೊಂಡು ಹೋದಾಗ ಉಳಿದ ನಾಲ್ವರ ಕೈಯಲ್ಲಿ ಎರಡು ಬಾಟಲಿ ನೀರು, ಒಂದು ಪ್ಯಾಕೆಟ್ ಬಿಸ್ಕತ್ತು.

ಅವರಲ್ಲಿ ಒಬ್ಬರಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಗುಳಿಗೆ ನುಂಗಿ ಡಬ್ಬಿಯನ್ನು ಗಾಡಿಯಲ್ಲಿಟ್ಟಿದ್ದರು. ರೊಟ್ಟಿಯೂ ಅಲ್ಲೇ ಉಳಿಯಿತು. ಗುಳಿಗೆ ಒಂದು ಕಡೆ, ನಡಿಗೆ ಒಂದು ಕಡೆ, ಎರಡೂ ರಕ್ತದ ಸಕ್ಕರೆಯನ್ನು ಇಳಿಸುತ್ತವೆ. ಏರಿಸಲು ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮಧ್ಯಾಹ್ನ ಕೈ ನಡುಗಿ, ತಣ್ಣನೆ ಬೆವರು ಬಂದು, ಮಾತು ತೊದಲಿತು. ಜೊತೆಗಾರರು ಬಿಸಿಲು ಹತ್ತಿದೆ ಎಂದು ನೀರು ಕುಡಿಸುತ್ತ ಕುಳಿತರು. ಹಿಂದಿನಿಂದ ಮಲ್ಲಯ್ಯನ ಕಂಬಿ (ಹೆಗಲ ಮೇಲಿನ ದೇವರ ಕೋಲು) ಹೊತ್ತು ಬಂದ ಪರಸೆಯಲ್ಲಿದ್ದ ಅಜ್ಜಿಯೊಬ್ಬರು ಬೆಲ್ಲ ತಿನ್ನಿಸಿದ ಮೇಲೆ ಕಾಲು ಗಂಟೆಯಲ್ಲಿ ಎದ್ದು ಕುಳಿತರು. ಇಂಥವರ ಕಿಸೆಯಲ್ಲಿ, ಚೀಲದಲ್ಲಲ್ಲ, ಬೆಲ್ಲವೋ ಗ್ಲೂಕೋಸ್ ಪುಡಿಯೋ ಇರಬೇಕು: ಒಂದು ಸಲಕ್ಕೆ ಮೂರು ಚಮಚ, ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಮತ್ತೆ ಮೂರು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕಬಾರದು. ಇನ್ಸುಲಿನ್ ಇದ್ದರೆ ಸಣ್ಣ ಮಣ್ಣಿನ ಕುಡಿಕೆಯಲ್ಲಿಟ್ಟು ಒದ್ದೆ ಬಟ್ಟೆ ಸುತ್ತಿ ಒಯ್ಯಿರಿ. ಬಿಸಿಲಲ್ಲಿ ನಿಂತ ಗಾಡಿಯ ಕ್ಯಾಬಿನ್ನಿನಲ್ಲಿ ಅದು ಕೆಡುತ್ತದೆ.

ಬಿಸಿಲು ನಿಜಕ್ಕೂ ಹತ್ತಿದ್ದರೆ ಮೈ ಕಾದಿರುತ್ತದೆ, ಮಾತು ಅಸಂಬದ್ಧವಾಗುತ್ತದೆ. ಆಗ ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸುವುದು ಮೊದಲ ಕೆಲಸ. ಊರಿನ ಹತ್ತಿರವಿದ್ದರೆ 108. ಆಂಧ್ರದಲ್ಲೂ ಅದೇ ಸಂಖ್ಯೆ.

ಕಾಡಿನ ಎರಡು ದಿನಕ್ಕೆ ಬೆನ್ನ ಮೇಲೆ ಏನಿರಬೇಕು ಎಂದರೆ: ಮೂರು ಲೀಟರ್ ನೀರು, ಸ್ಟೀಲ್ ಬಾಟಲಿಗಳಲ್ಲಿ. ಓಆರ್‌ಎಸ್ ನಾಲ್ಕು. ಕಟಕ ರೊಟ್ಟಿ ಎಂಟು, ಶೇಂಗಾ ಚಟ್ನಿಪುಡಿ, ನಾಲ್ಕೈದು ಶೇಂಗಾ ಹೋಳಿಗೆ. ಇವು ಕೆಡುವುದಿಲ್ಲ, ಬೇಯಿಸಬೇಕಿಲ್ಲ. ಅನ್ನದ ಬುತ್ತಿ ಮಧ್ಯಾಹ್ನಕ್ಕೇ ಹಳಸುತ್ತದೆ. ಮೂರು ದಿನದ ಗುಳಿಗೆ, ಟೇಪು, ಅಯೋಡಿನ್, ತೊಡೆ ಸಂದಿಗೆ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ. ತೊಡೆ ಉಜ್ಜಿ ಹುಣ್ಣಾದದ್ದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ನಡಿಗೆ ನಿಲ್ಲಿಸುವುದರಲ್ಲಿ ಅದು ಗುಳ್ಳೆಗೆ ಕಡಿಮೆಯಲ್ಲ. ಬ್ಯಾಟರಿ ಮತ್ತು ಹೆಚ್ಚಿನ ಸೆಲ್, ಒಂದು ದುಪ್ಪಟಿ, ಎದೆಯೆತ್ತರದ ಬಡಿಗೆ. ಹೆಸರು, ಕಾಯಿಲೆ, ಮನೆಯ ಫೋನ್ ನಂಬರನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬರೆದ ಚೀಟಿ. ಎಲ್ಲ ಸೇರಿ ಆರೇಳು ಕಿಲೋ. ನಿಮ್ಮ ತೂಕದ ಹತ್ತನೇ ಒಂದು ಭಾಗವನ್ನು ಮೀರಿದರೆ ಏನಾದರೂ ತೆಗೆಯಿರಿ, ಆದರೆ ನೀರು ತೆಗೆಯಬೇಡಿ. ಎರಡನೆಯ ಜೊತೆ ಪ್ಯಾಂಟು ತೆಗೆಯಿರಿ.

ಭೀಮುನಿ ಕೊಲನಿನ ಹತ್ತಿರ ಹಾದಿ ಆಳದ ಕಣಿವೆಗೆ ಇಳಿದು ಕೈಲಾಸದ್ವಾರಕ್ಕೆ ಕಲ್ಲು ಮೆಟ್ಟಿಲುಗಳಲ್ಲಿ ಏರುತ್ತದೆ. ಏರುವುದಕ್ಕಿಂತ ಇಳಿಯುವುದು ಮೊಣಕಾಲಿಗೆ ಕಷ್ಟ. ಬಡಿಗೆಯನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ, ಆಮೇಲೆ ಕಾಲಿಡಿ. ಇದನ್ನು ಕತ್ತಲಲ್ಲಿ ಮಾಡುವ ಹಾಗೆ ದಿನ ಜೋಡಿಸಬೇಡಿ. ಕಾಡಿನಲ್ಲಿ ರಾತ್ರಿ ನಡೆಯುವುದೇ ಬೇಡ, ಜನ ತಂಗುವ ಜಾಗದಲ್ಲಿ ತಂಗಿ.

ಡಾಂಬರು ರಸ್ತೆಯಲ್ಲಿ ಮಾತ್ರ ಕತ್ತಲ ನಡಿಗೆ ತಪ್ಪದು. ಬಲಬದಿಯಲ್ಲಿ, ಎದುರಿನ ವಾಹನ ಕಾಣುವಂತೆ, ಒಬ್ಬರ ಹಿಂದೊಬ್ಬರು. ಎದೆಗೂ ಬೆನ್ನಿಗೂ ಹೊಳೆಯುವ ಪಟ್ಟಿ. ಕಿವಿಯಲ್ಲಿ ಇಯರ್‌ಫೋನ್ ಹಾಕಿ ಭಜನೆ ಕೇಳುತ್ತ ನಡೆಯುವವರಿಗೆ ಹಿಂದಿನ ಲಾರಿ ಕೇಳುವುದಿಲ್ಲ.

ತಾಲೀಮಿನ ಬಗ್ಗೆ ಒಂದೇ ಪರೀಕ್ಷೆ ಸಾಕು. ಹೊರಡಲು ಮೂರು ವಾರ ಇರುವಾಗ ಶನಿವಾರ ಇಪ್ಪತ್ತೈದು, ಭಾನುವಾರ ಮತ್ತೆ ಇಪ್ಪತ್ತೈದು ಕಿಲೋಮೀಟರ್ ನಡೆಯಿರಿ, ಅದೇ ಬೂಟು, ಅದೇ ಚೀಲದೊಂದಿಗೆ. ಒಂದು ದಿನ ನಲವತ್ತು ನಡೆಯುವುದು ದೊಡ್ಡದಲ್ಲ. ನೊಂದ ಕಾಲಿನಲ್ಲಿ ಮರುದಿನ ಎದ್ದು ಹೊರಡುವುದೇ ಪಾದಯಾತ್ರೆ. ಭಾನುವಾರ ಆಗದಿದ್ದರೆ ಈ ವರ್ಷ ಕರ್ನೂಲಿನಿಂದ ನಡೆಯಿರಿ.

ಹಿಂದಿರುಗುವ ಬಸ್ಸಿನ ಸೀಟನ್ನು ಮೊದಲೇ ಕಾದಿರಿಸಿ, ಯುಗಾದಿಯ ಮರುದಿನ ಅಲ್ಲಿ ನಿಲ್ಲಲೂ ಜಾಗ ಇರುವುದಿಲ್ಲ. ಒಂದು ಜೊತೆ ಸಡಿಲ ಹವಾಯಿ ಚಪ್ಪಲಿಯೂ ಇರಲಿ: ಗುಡಿ ಮುಟ್ಟಿದ ಮೇಲೆ ಊದಿದ ಪಾದ ಬೂಟಿನೊಳಗೆ ಹೋಗುವುದಿಲ್ಲ. ಗಾಡಿಯಲ್ಲಿ ಇಡಬಹುದಾದ ಸಾಮಾನು ಇದೊಂದು.