ಡಿಲೀಟ್ ಆಗದ ಫೋಲ್ಡರ್‌ಗೆ ದುಡ್ಡು ಕಟ್ಟಿ ಮೋಸ ಹೋದೆ, ನೀವು ಹೋಗಬೇಡಿ

ಒಂದು ಖಾಲಿ ಫೋಲ್ಡರ್ ಅಳಿಸಲು ನಾನು ದುಡ್ಡು ಕಟ್ಟಿದ್ದೇನೆ. ಹೌದು, ಖಾಲಿ ಫೋಲ್ಡರ್. ನೆಂಟರಿಷ್ಟರೆಲ್ಲ ಕಂಪ್ಯೂಟರ್ ಕೆಟ್ಟರೆ ಮೊದಲು ಫೋನ್ ಮಾಡುವುದು ನನಗೇ, ಅಂಥವನು ಇದನ್ನು ಬರೆಯಲು ಎಷ್ಟು ನಾಚಿಕೆ ಅಂತ ಊಹಿಸಿಕೊಳ್ಳಿ.

ಹಳೇ ಫೋಟೋ ಎಲ್ಲ ಬೇರೆ ಡ್ರೈವ್‌ಗೆ ಹಾಕಿದ ಮೇಲೆ ಉಳಿದ ಫೋಲ್ಡರ್ ಅದು. ಡಿಲೀಟ್ ಒತ್ತಿದರೆ ‘ಬೇರೆ ಪ್ರೋಗ್ರಾಮ್‌ನಲ್ಲಿ ಓಪನ್ ಇದೆ’ ಅನ್ನುತ್ತಿತ್ತು. ಯಾವ ಪ್ರೋಗ್ರಾಮ್? ಅದನ್ನು ಮಾತ್ರ ಹೇಳಲ್ಲ. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದೆ, ರೀಸ್ಟಾರ್ಟ್ ಮಾಡಿದೆ. ಜಪ್ಪಯ್ಯ ಅಂದರೂ ಹೋಗಲಿಲ್ಲ. ತಲೆ ಕೆಟ್ಟು, ‘ಉಚಿತ’ ಅಂತ ದೊಡ್ಡದಾಗಿ ಬರೆದುಕೊಂಡಿದ್ದ ಒಂದು ಟೂಲ್ ಇಳಿಸಿಕೊಂಡೆ. ಅದು ಸ್ಕ್ಯಾನ್ ಮಾಡಿ ಕೆಂಪು ಅಕ್ಷರದಲ್ಲಿ ‘1 ಫೋಲ್ಡರ್ ಲಾಕ್ ಆಗಿದೆ’ ಅಂದಿತು. ಅದು ನನಗೂ ಗೊತ್ತಿತ್ತಲ್ಲ ಮಾರಾಯ! ಬಿಡಿಸಬೇಕಾದರೆ ಮಾತ್ರ ದುಡ್ಡಂತೆ. ಕಟ್ಟಿದೆ. ಪ್ರತಿ ವರ್ಷ ತಾನಾಗೇ ಕಟ್ ಆಗಲಿ ಅನ್ನುವ ಟಿಕ್ ಮೊದಲೇ ಬಿದ್ದಿತ್ತು, ಅದನ್ನು ನೋಡಿದ್ದು ದುಡ್ಡು ಹೋದ ಮೇಲೆ.

‘ಯಶಸ್ವಿಯಾಗಿ ಅಳಿಸಲಾಗಿದೆ’ ಅಂತ ಹಸಿರು ಟಿಕ್ ಬಂತು. ಫೋಲ್ಡರ್ ಅಲ್ಲೇ ಇದೆ! ರಿಫ್ರೆಶ್ ಮಾಡಿದೆ, ಇದೆ. ಮತ್ತೆ ಮಾಡಿದೆ, ಇದೆ.

ಸಪೋರ್ಟ್‌ಗೆ ಬರೆದರೆ ಮೊದಲ ಉತ್ತರ, ‘ಸರ್, ನಮ್ಮ ಕಡೆಯಿಂದ ಅಳಿಸಲಾಗಿದೆ.’ ನಿಮ್ಮ ಕಡೆ ಅಂದರೆ ಯಾವ ಕಡೆ? ಇರುವುದು ನನ್ನ ಕಂಪ್ಯೂಟರ್‌ನಲ್ಲಿ ಅಲ್ವಾ? ಸ್ಕ್ರೀನ್‌ಶಾಟ್ ಕಳಿಸಿದೆ. ಎರಡನೇ ಉತ್ತರ, ‘ನಿಮ್ಮ ಪ್ಲಾನ್ ಫೈಲ್‌ಗಳಿಗೆ ಮಾತ್ರ ಸರ್, ಫೋಲ್ಡರ್‌ಗೆ ಮೇಲಿನ ಪ್ಲಾನ್ ತಗೊಳ್ಳಿ.’ ನಾನು ಜಗಳ ತೆಗೆದ ಮೇಲೆ ಮೂರನೆಯದು, ‘ರಿಮೋಟ್ ಆ್ಯಕ್ಸೆಸ್ ಕೋಡ್ ಕೊಡಿ, ನಾವೇ ನೋಡುತ್ತೇವೆ.’ ಅಂದರೆ ದೂರದಿಂದಲೇ ನನ್ನ ಕಂಪ್ಯೂಟರ್ ಅವರ ಕೈಗೆ! ಇಲ್ಲಿಗೆ ಬುದ್ಧಿ ಬಂತು. ಕೊಡಲಿಲ್ಲ.

ಆಮೇಲೆ ಒಬ್ಬ ಗೆಳೆಯ ಫೋನಲ್ಲೇ ಹೇಳಿಕೊಟ್ಟ. ವಿಂಡೋಸ್‌ನಲ್ಲೇ ಯಾವ ಪ್ರೋಗ್ರಾಮ್ ಏನನ್ನು ಹಿಡಿದುಕೊಂಡಿದೆ ಅಂತ ತೋರಿಸುವ ರಿಸೋರ್ಸ್ ಮಾನಿಟರ್ ಅಂತ ಇದೆ, ಸ್ಟಾರ್ಟ್ ಒತ್ತಿ ಹುಡುಕಿದರೆ ಸಿಗುತ್ತದೆ. ಅದರ ಸಿಪಿಯು ಟ್ಯಾಬ್‌ನಲ್ಲಿ ‘ಅಸೋಸಿಯೇಟೆಡ್ ಹ್ಯಾಂಡಲ್ಸ್’ ಪಕ್ಕದ ಬಾಕ್ಸ್‌ಗೆ ಫೋಲ್ಡರ್ ಹೆಸರು ಹಾಕಿದೆ. ಎರಡು ಸಾಲು ಬಂತು. ಒಂದು, ಕಂಪ್ಯೂಟರ್ ಆನ್ ಆದ ಕೂಡಲೇ ಶುರುವಾಗುವ ಫೋಟೋ ಸಿಂಕ್ ಪ್ರೋಗ್ರಾಮ್. ಅದಕ್ಕೇ ರೀಸ್ಟಾರ್ಟ್ ಮಾಡಿದರೂ ಹೋಗುತ್ತಿರಲಿಲ್ಲ. ಇನ್ನೊಂದು? ನಾನು ದುಡ್ಡು ಕೊಟ್ಟ ಆ ಟೂಲೇ! ಹಿಂದೆ ಕೂತು ಫೋಲ್ಡರ್‌ನ ಕುತ್ತಿಗೆ ಹಿಡಿದುಕೊಂಡಿತ್ತು. ಎರಡನ್ನೂ ಬಂದ್ ಮಾಡಿ ಡಿಲೀಟ್ ಒತ್ತಿದೆ, ಹೋಯಿತು. ಎರಡು ನಿಮಿಷದ ಕೆಲಸ.

ರೀಫಂಡ್ ಕೇಳಿದ್ದಕ್ಕೆ ಬಂದ ಉತ್ತರ ಕೇಳಿ: ‘ಫೋಲ್ಡರ್ ಹೋಯಿತಲ್ಲ ಸರ್, ಇನ್ನೇನು ಸಮಸ್ಯೆ?’

ದಯವಿಟ್ಟು ಮೊದಲು ರಿಸೋರ್ಸ್ ಮಾನಿಟರ್ ನೋಡಿ. ಆಗದಿದ್ದರೆ, ತೀರಾ ಬೇಕಾದಷ್ಟನ್ನೇ ಇಟ್ಟುಕೊಂಡು ವಿಂಡೋಸ್ ಶುರುವಾಗುವ ಸೇಫ್ ಮೋಡ್‌ಗೆ ಹೋಗಿ ಅಳಿಸಿ, ಇಂಥ ಹಿಂದೆ ಕೂತು ಓಡುವ ಪ್ರೋಗ್ರಾಮ್‌ಗಳು ಸಾಮಾನ್ಯವಾಗಿ ಅಲ್ಲಿ ಶುರುವಾಗಲ್ಲ. ಫೋಲ್ಡರ್ ಒಳಗೆ ಫೋಲ್ಡರ್ ಇದ್ದು ಪಾತ್ (ಫೋಲ್ಡರ್ ಇರುವ ಜಾಗದ ಪೂರ್ತಿ ವಿಳಾಸ) ಉದ್ದ ಅಂತ ತಕರಾರು ಬಂದರೆ ಅದು 260 ಅಕ್ಷರದ ಮಿತಿಯ ಕಾಟ, ಮೇಲಿನ ಫೋಲ್ಡರ್‌ಗಳ ಹೆಸರನ್ನು ಒಂದೊಂದೇ ಅಕ್ಷರಕ್ಕೆ ಇಳಿಸಿ ನೋಡಿ. ಯಾವುದಕ್ಕೂ ದುಡ್ಡು ಬೇಡ. ನಾನಂತೂ ಆ ವರ್ಷದ ಟಿಕ್ ತೆಗೆಸಲು ಇನ್ನೂ ಅವರಿಗೆ ಮೇಲ್ ಹಾಕುತ್ತಲೇ ಇದ್ದೇನೆ.