ಮೂರು ನಕ್ಷತ್ರ, ಅದರಲ್ಲೊಂದು ಆಯಮ್ಮನಿಗೆ

ನಮ್ಮ ಬಡಾವಣೆಯ ಡೇ ಕೇರ್‌ಗೆ ಮೊಮ್ಮಗಳನ್ನು ಸೇರಿಸಿ ಏಳು ತಿಂಗಳಾಯಿತು. ಬೆಳಿಗ್ಗೆ ಬಿಟ್ಟು ಬರುವವನು ನಾನು, ಸಂಜೆ ಕರೆತರುವವಳು ಮಗಳು.

ಊಟದ ಬಗ್ಗೆ ತಕರಾರಿಲ್ಲ. ಮಧ್ಯಾಹ್ನ ಮೆತ್ತಗೆ ಹಿಸುಕಿದ ಬೇಳೆಸಾರಿನ ಅನ್ನ, ನಾಲ್ಕಕ್ಕೆ ರಾಗಿ ಗಂಜಿ. ನೆಲ ಒಣಗಿರುತ್ತದೆ, ಬಚ್ಚಲು ನಾರುವುದಿಲ್ಲ. ನನಗೆ ಒಗ್ಗದಿರುವುದು ಗೋಡೆಯ ಮೇಲಿನ ಚಾರ್ಟು. ಆಟಿಕೆ ಹಂಚಿಕೊಂಡರೆ ಒಂದು ಸ್ಟಾರ್, ಬಿದ್ದದ್ದನ್ನು ಎತ್ತಿಕೊಟ್ಟರೆ ಒಂದು ಸ್ಟಾರ್, ಐದಾದರೆ ಶುಕ್ರವಾರ ಚಾಕೊಲೇಟು. ಮಕ್ಕಳಿಗೆ ಒಳ್ಳೆಯ ನಡತೆ ಕಲಿಸುವ ಬಗೆಯಂತೆ.

ಸೇರಿಸುವ ಮುಂಚಿನ ಮಾತು. ಮಗುವಿಗೆ ಆಗ ಒಂದೂವರೆ ವರ್ಷ. ತಾರಸಿಯಲ್ಲಿ ಬಟ್ಟೆ ಒಣಗಿಸುವಾಗ ನನ್ನ ಕೈಯಿಂದ ಕ್ಲಿಪ್ಪು ಜಾರಿತು. ಮಂಡಿನೋವಿನವನು ಬಗ್ಗಲು ಹಿಂದೆಮುಂದೆ ನೋಡುತ್ತಿದ್ದೆ. ಅವಳು ಕೈಯಲ್ಲಿದ್ದ ಬಿಸ್ಕತ್ತನ್ನು ಬಾಯಿಗೆ ತುರುಕಿಕೊಂಡು, ಓಲಾಡುತ್ತ ಬಂದು, ಕ್ಲಿಪ್ಪನ್ನು ಎತ್ತಿ ನನ್ನ ಅಂಗೈಯಲ್ಲಿ ಒತ್ತಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಕಳೆದ ತಿಂಗಳು ಮತ್ತೆ ಕ್ಲಿಪ್ಪು ಬಿತ್ತು. ಎತ್ತಿದಳು, ಕೊಡಲಿಲ್ಲ. ಇನ್ನೊಂದು ಕೈ ಚಾಚಿ, “ತಾತ, ಸ್ಟಾರ್?” ಎಂದಳು.

ಮೂವತ್ತು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕುಳಿತವನು ನಾನು. ವ್ಯವಹಾರದ ದನಿ ಎಲ್ಲಿ ಕೇಳಿದರೂ ಗುರುತು ಹತ್ತುತ್ತದೆ. ಆಮೇಲೆ ಓದಿ ತಿಳಿದದ್ದು: ವಾರ್ನೆಕೆನ್ ಮತ್ತು ಟೊಮಾಸೆಲ್ಲೊ ಎಂಬ ಇಬ್ಬರು ವಿಜ್ಞಾನಿಗಳು 2006ರಲ್ಲಿ ಹೆಚ್ಚುಕಡಿಮೆ ಇದನ್ನೇ, ಬಟ್ಟೆಯ ಕ್ಲಿಪ್ಪು ಬೀಳಿಸಿಯೇ, ಹದಿನೆಂಟು ತಿಂಗಳ ಮಕ್ಕಳ ಮುಂದೆ ಮಾಡಿ ನೋಡಿದ್ದರು. ಬಹಳಷ್ಟು ಮಕ್ಕಳು ಎತ್ತಿಕೊಟ್ಟವು. 2008ರ ಪ್ರಯೋಗದಲ್ಲಿ ನೆರವಿಗೆ ಬಹುಮಾನ ಕೊಟ್ಟರು. ಹಾಗೆ ಬಹುಮಾನ ಪಡೆದ ಮಕ್ಕಳೇ ಆಮೇಲೆ ನೆರವಾಗುವುದನ್ನು ಕಡಿಮೆ ಮಾಡಿದವು.

ಹಾಗೆಂದು ಎಲ್ಲವೂ ಹುಟ್ಟುಗುಣ ಎಂದು ವಾದಿಸಲಾರೆ. ಗೊಂಬೆಯಾಟ ತೋರಿಸಿದಾಗ ಹಸುಗೂಸುಗಳು ಗುಡ್ಡ ಹತ್ತುವವರಿಗೆ ಅಡ್ಡಿ ಮಾಡಿದ ಗೊಂಬೆಯನ್ನು ಬಿಟ್ಟು ನೆರವಾದ ಗೊಂಬೆಯನ್ನೇ ಆರಿಸಿಕೊಂಡವು ಎಂದು ಯೇಲ್ ವಿಶ್ವವಿದ್ಯಾಲಯದವರು 2007ರಲ್ಲಿ ಹೇಳಿದ್ದರು. ಈಚೆಗೆ 37 ಪ್ರಯೋಗಾಲಯಗಳು ಸೇರಿ ಅದನ್ನೇ ಪರೀಕ್ಷಿಸಿದಾಗ ಫಲ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದಂತೆ. ನಮ್ಮ ಕೂಸೂ ಕ್ಲಿಪ್ಪು ಕೊಟ್ಟ ವಾರವೇ ಪಕ್ಕದ ಮನೆಯ ಹುಡುಗನ ಕಿವಿ ಕಚ್ಚಿದ್ದಳು.

ಇನ್ನು ದಂಡ. ಸಂಜೆ ಆರೂವರೆ ದಾಟಿದರೆ ಅರ್ಧ ಗಂಟೆಗೆ ನೂರು ರೂಪಾಯಿ. ದಂಡವಿಲ್ಲದಾಗ ಮಗಳು ಏದುಸಿರು ಬಿಡುತ್ತ ಓಡಿಬಂದು ಕ್ಷಮೆ ಕೇಳುತ್ತಿದ್ದಳು. ಈಗ “ದುಡ್ಡು ಕೊಡುತ್ತೇವಲ್ಲ ಅಪ್ಪಾ” ಎಂದು ನಿಧಾನವಾಗಿಯೇ ಬರುತ್ತಾಳೆ. ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲೂ ಹೀಗೆಯೇ ಆಗಿತ್ತು: ದಂಡ ಹಾಕಿದ ಮೇಲೆ ತಡವಾಗಿ ಬರುವ ಪೋಷಕರು ಹೆಚ್ಚಾದರು, ದಂಡ ತೆಗೆದ ಮೇಲೂ ಕಡಿಮೆಯಾಗಲಿಲ್ಲ.

ಆಯಮ್ಮನ ರೀತಿಯೇ ಬೇರೆ. ಒಂದು ಬೆಳಿಗ್ಗೆ ಒಬ್ಬ ಹುಡುಗ ನಮ್ಮವಳ ತೋಳು ಕಚ್ಚಿದ. ಅವರು ಗದರಲಿಲ್ಲ, ಇಬ್ಬರನ್ನೂ ನಲ್ಲಿಯ ಬಳಿ ಕೂರಿಸಿ, ಒದ್ದೆ ಬಟ್ಟೆಯನ್ನು ಅವನ ಕೈಗೇ ಕೊಟ್ಟು, “ಒತ್ತಿ ಹಿಡಿದುಕೋ ಕಂದಾ, ಅವಳಿಗೆ ಉರಿಯುತ್ತಿದೆ” ಎಂದರು. ಅವನು ಹಿಡಿದೇ ಇದ್ದ, ಅವಳ ಮುಖ ನೋಡುತ್ತ. ಚಾರ್ಟಿನಲ್ಲಿ ಅದಕ್ಕೆ ಖಾನೆಯಿಲ್ಲ.

ಚಾರ್ಟು ತೆಗೆಯಿರಿ ಎಂದು ಮೇಲ್ವಿಚಾರಕಿಗೆ ಹೇಳಿದೆ; ಪೋಷಕರಿಗೆ ಇಷ್ಟವಾಗಿದೆ ಎಂದರು. ಮೊಮ್ಮಗಳನ್ನಂತೂ ಬೇರೆ ಕಡೆ ಸೇರಿಸುವುದಿಲ್ಲ. ಊಟಕ್ಕೊಂದು, ಶುಚಿಗೊಂದು, ಆಯಮ್ಮನಿಗೊಂದು, ಒಟ್ಟು ಮೂರು ನಕ್ಷತ್ರ. ಆಯಮ್ಮ ಇರುವುದು ಮಧ್ಯಾಹ್ನ ಎರಡರವರೆಗೆ ಮಾತ್ರ, ಸೇರಿಸುವವರು ಪಾಳಿ ಕೇಳಿಕೊಳ್ಳಿ.