ಬೇಟೆ ಡೇರೆಯ ಸೌದೆ ಒಲೆ: ಹಲವು ಚಳಿಗಾಲಗಳ ಬಳಕೆಯ ನಂತರ

ಹಿಮ ಬೀಳುವ ಕಾಡಿನಲ್ಲಿ ಬೇಟೆಗಾಗಿ ಹಾಕಿದ ಡೇರೆಯನ್ನು ಬೆಚ್ಚಗಿಡುವ ಸೌದೆ ಒಲೆಯ ಯೋಗ್ಯತೆ ಗೊತ್ತಾಗುವುದು ಸಂಜೆಯಲ್ಲ, ನಡುರಾತ್ರಿ ಕಳೆದು ಬೆಳಗಿನ ಜಾವ ಹತ್ತಿರವಾಗುವ ಹೊತ್ತಿಗೆ. ಸಂಜೆ ಒಣ ಪುಳ್ಳೆ ತುಂಬಿ ಗಾಳಿಕಿಂಡಿ ತೆರೆದರೆ ಎಂಥ ತಗಡಿನ ಒಲೆಯಾದರೂ ಸ್ವಲ್ಪ ಹೊತ್ತಿನಲ್ಲೇ ಕೋಟು ಕಳಚುವಷ್ಟು ಸೆಕೆ ಹುಟ್ಟಿಸುತ್ತದೆ. ಎಲ್ಲರೂ ಮಲಗಿದ ಮೇಲೆ, ಯಾರೂ ಎದ್ದು ಸೌದೆ ಒಡ್ಡದೆ, ಅದೇ ಒಲೆ ಎಷ್ಟು ಗಂಟೆ ಕಾವು ಕೊಡುತ್ತದೆ ಎಂಬುದು ಬೇರೆಯದೇ ಪ್ರಶ್ನೆ. ಮಾರಾಟದ ವಿವರಗಳಲ್ಲಿ ದಪ್ಪ ಅಕ್ಷರದಲ್ಲಿ ಕಾಣುವುದು ಒಲೆಯ ತೂಕ ಮತ್ತು ಅದರ ಗರಿಷ್ಠ ಶಾಖ; ಕೊಳ್ಳುವವರು ನೋಡಬೇಕಾದದ್ದು ಉರಿಪೆಟ್ಟಿಗೆಯ ಉದ್ದವನ್ನು ಮತ್ತು ಬಾಗಿಲು ಎಷ್ಟು ಬಿಗಿಯಾಗಿ ಕೂರುತ್ತದೆ ಎಂಬುದನ್ನು. ಮೂರು ಬಗೆಯ ಒಲೆಗಳನ್ನು ಬಳಸಿದ ಮೇಲೆ ನಾನು ಬಂದು ನಿಂತಿರುವ ಅಭಿಪ್ರಾಯ ಇದು.

ಈಗ ನನ್ನ ಬಳಿ ಇರುವುದು 3 ಮಿಲಿಮೀಟರ್ ದಪ್ಪದ ಸಾದಾ ಉಕ್ಕಿನ, ಪೆಟ್ಟಿಗೆಯಾಕಾರದ ಒಲೆ. ಉರಿಪೆಟ್ಟಿಗೆ ಸುಮಾರು 60 ಸೆಂಟಿಮೀಟರ್ ಉದ್ದವಿದೆ, ಕಾಲುಗಳು ಕಳಚಿ ಬರುತ್ತವೆ, ಹೊಗೆ ಕೊಳವೆಯ ವ್ಯಾಸ 125 ಮಿಲಿಮೀಟರ್, ಬಾಗಿಲಿನ ಅಂಚಿಗೆ ಶಾಖ ತಡೆಯುವ ನಾರಿನ ಹಗ್ಗದ ಗ್ಯಾಸ್ಕೆಟ್, ಅಂದರೆ ಸಂದು ಮುಚ್ಚುವ ಪಟ್ಟಿ, ಇದೆ. ಕೊಳವೆ ಸೇರಿ 25 ಕಿಲೋ ದಾಟುವ ಈ ಒಲೆಯನ್ನು ಬೆನ್ನ ಮೇಲೆ ಹೊರುವ ಮಾತೇ ಇಲ್ಲ. ವಾಹನವೋ ಕುದುರೆಯೋ ಹಿಮದ ಮೇಲೆ ಎಳೆಯುವ ಜಾರುಬಂಡಿಯೋ ತಲುಪುವ ಶಿಬಿರಕ್ಕಷ್ಟೇ ಇದು ಸರಿ.

ಇದಕ್ಕೂ ಮೊದಲು ಬಳಸಿದ ಟೈಟಾನಿಯಂ ಒಲೆ ಮಡಚಿದರೆ ಚೀಲದ ಒಂದು ಬದಿಯಲ್ಲಿ ಕೂರುತ್ತಿತ್ತು. ಟೈಟಾನಿಯಂನ ಸಾಂದ್ರತೆ ಉಕ್ಕಿನ ಶೇಕಡಾ 60ಕ್ಕಿಂತ ಕಡಿಮೆ ಇರುವುದರಿಂದಲೂ, ತಗಡು ಬಹಳ ತೆಳುವಾಗಿರುವುದರಿಂದಲೂ, ಕೊಳವೆ ಸಮೇತ ಒಂದೆರಡು ಕಿಲೋಗಳಲ್ಲಿ ಮುಗಿಯುವ ಒಲೆಗಳು ಸಿಗುತ್ತವೆ. ಸುರುಳಿ ಬಿಚ್ಚಿ ಕೊಳವೆಯಾಗಿಸುವ ಹಾಳೆಯ ದಪ್ಪವಂತೂ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ. ಮೊದಲ ಬಾರಿ ಚೆನ್ನಾಗಿ ಕಾದಾಗ ಅದು ನೀಲಿ, ನೇರಳೆ ಬಣ್ಣಕ್ಕೆ ತಿರುಗಿ ಕೊಳವೆಯ ಆಕಾರವನ್ನು ಹಿಡಿಯುತ್ತದೆ. ಆ ಮೊದಲ ಉರಿಯ ತನಕ ಅದನ್ನು ಸುತ್ತಿ ಉಂಗುರ ತೊಡಿಸುವ ಕೆಲಸ, ಅದರಲ್ಲೂ ಮರಗಟ್ಟಿದ ಬೆರಳುಗಳಿಂದ, ತಾಳ್ಮೆಯನ್ನೇ ಪರೀಕ್ಷಿಸುತ್ತದೆ; ಅಂಚು ಚೂಪಾಗಿರುವುದರಿಂದ ಗಟ್ಟಿ ಕೈಗವಸು ಇಲ್ಲದೆ ಮುಟ್ಟಬಾರದು. ನಡೆದೇ ಹೋಗುವ ಬೇಟೆಗಾರನಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಪೆಟ್ಟಿಗೆ ಚಿಕ್ಕದು, ತಗಡು ಕಾವನ್ನು ಹಿಡಿದಿಡುವುದಿಲ್ಲ, ಬಿಸಿಗೆ ಬಾಗಿದ ಬದಿಗಳ ಸಂದಿನಿಂದ ಗಾಳಿ ನುಗ್ಗುವುದನ್ನು ತಡೆಯಲಾಗುವುದಿಲ್ಲ. ಹಾಗಾಗಿ ಒಮ್ಮೆ ತುಂಬಿದ ಸೌದೆ ಒಂದು ಗಂಟೆ ಬಂದರೆ ಹೆಚ್ಚು. ಇಂಥ ಒಲೆಯನ್ನು ಮಲಗುವ ಮೊದಲು ಬಟ್ಟೆ ಒಣಗಿಸಲು, ಎದ್ದ ಮೇಲೆ ಹೆಪ್ಪುಗಟ್ಟಿದ ಬೂಟನ್ನು ಬೆಚ್ಚಗಾಗಿಸಲು ಇಟ್ಟುಕೊಂಡು, ರಾತ್ರಿಯನ್ನು ಒಳ್ಳೆಯ ಮಲಗುಚೀಲಕ್ಕೆ ಬಿಡುವುದೇ ಜಾಣತನ.

ತೆಳು ಸ್ಟೇನ್‌ಲೆಸ್ ಸ್ಟೀಲಿನ ಒಲೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತುಕ್ಕು ಹಿಡಿಯದು, ಹೊಳೆಯುತ್ತದೆ, ತೂಕವೂ ಸಹನೀಯ. ಆದರೆ ಈ ಲೋಹ ಸಾದಾ ಉಕ್ಕಿಗಿಂತ ಕಾದಾಗ ಹೆಚ್ಚು ಹಿಗ್ಗುತ್ತದೆ ಮತ್ತು ಶಾಖವನ್ನು ನಿಧಾನವಾಗಿ ಸಾಗಿಸುತ್ತದೆ; ಒಂದು ಕಡೆ ಕೆಂಪಗೆ ಕಾದು ಪಕ್ಕದಲ್ಲೇ ತಣ್ಣಗಿರುವ ತಗಡು ಸೊಟ್ಟಗಾಗದೆ ಇನ್ನೇನಾಗಬೇಕು? ನನ್ನ ಒಲೆಯ ಮೇಲ್ಭಾಗ ಎರಡನೆಯ ಚಳಿಗಾಲದಲ್ಲಿಯೇ ಉಬ್ಬಿ, ಕೆಟಲ್ ನೆಟ್ಟಗೆ ಕೂರದಂತಾಯಿತು.

ಉಕ್ಕಿನ ಒಲೆಯಲ್ಲಿ ನಾನು ಅತಿ ಹೆಚ್ಚು ಮೆಚ್ಚಿದ್ದು ಒಳಗೆ ಮೇಲ್ಭಾಗದಲ್ಲಿರುವ ಅಡ್ಡತಗಡನ್ನು. ಅದಿಲ್ಲದ ಒಲೆಯಲ್ಲಿ ಜ್ವಾಲೆ ಸೀದಾ ಕೊಳವೆಯೊಳಗೆ ಹೊಕ್ಕು, ಡೇರೆಯೊಳಗೆ ಉಳಿಯಬೇಕಾದ ಶಾಖ ಆಕಾಶಕ್ಕೆ ಹೋಗುತ್ತದೆ. ಅದಿದ್ದರೆ ಬಿಸಿ ಅನಿಲ ಒಮ್ಮೆ ಮುಂದಕ್ಕೆ ಬಂದು ಸುತ್ತು ಹಾಕಿ ಹೊರಹೋಗಬೇಕಾಗುತ್ತದೆ. ಕಿಡಿಗಳೂ ಒಳಗೇ ಆರುತ್ತವೆ. ರಾತ್ರಿಗಾಗಿ ಒಲೆ ಕಟ್ಟುವ ಕ್ರಮ ಹೀಗಿದೆ: ಮೊದಲು ಜೋರಾಗಿ ಉರಿಸಿ ತಳದಲ್ಲಿ ದಪ್ಪನೆಯ ಕೆಂಡದ ಹಾಸು ಮಾಡಿಕೊಂಡು, ಅದರ ಮೇಲೆ ಒಣಗಿದ ಗಟ್ಟಿಮರದ ದಪ್ಪ ತುಂಡುಗಳನ್ನು ಒತ್ತೊತ್ತಾಗಿ ಜೋಡಿಸಿ, ಅವುಗಳ ಹೊರಮೈ ಪೂರ್ತಿ ಕರಿಯಾಗುವವರೆಗೆ ಗಾಳಿಕಿಂಡಿಯನ್ನು ತೆರೆದಿಟ್ಟು, ಆಮೇಲಷ್ಟೇ ಅದನ್ನು ಸ್ವಲ್ಪ ಸ್ವಲ್ಪವಾಗಿ ಕಿರಿದು ಮಾಡಬೇಕು. ಹೀಗೆ ಮಾಡಿದಾಗ ಐದಾರು ಗಂಟೆಗಳ ಕಾವು ಸಿಗುತ್ತದೆ, ಬೆಳಿಗ್ಗೆ ಬೂದಿ ಕೆದಕಿದರೆ ಪುಳ್ಳೆ ಹತ್ತಿಕೊಳ್ಳುವಷ್ಟು ಕೆಂಡ ಉಳಿದಿರುತ್ತದೆ.

ನಿಧಾನವಾಗಿ ಉರಿಯುವ ಈ ಗುಣದ ಬೆನ್ನಿಗೇ ಎರಡು ತೊಂದರೆಗಳಿವೆ, ಮಾರುವವರು ಅವನ್ನು ಹೇಳುವುದು ಕಡಿಮೆ. ಗಾಳಿ ಕಡಿಮೆಯಾದಾಗ ಹೊಗೆ ತಣ್ಣಗಾಗಿ, ಕೊಳವೆಯ ಒಳಮೈಗೆ ಕ್ರಿಯೋಸೋಟ್ ಎಂಬ ಕಪ್ಪು ಜಿಗುಟು ಅಂಟುತ್ತದೆ. ಇದು ಹೊತ್ತಿಕೊಂಡರೆ ಕೊಳವೆಯೇ ಉರಿಯತೊಡಗುತ್ತದೆ. ಮೊದಲು ಕಟ್ಟಿಕೊಳ್ಳುವುದು ಕೊಳವೆಯ ತುದಿಯಲ್ಲಿರುವ ಕಿಡಿ ತಡೆಯುವ ಜಾಲರಿ. ಬಾಗಿಲು ತೆರೆದ ಕೂಡಲೇ ಹೊಗೆ ಮುಖಕ್ಕೆ ಬಡಿಯತೊಡಗಿದರೆ ಒಲೆಯನ್ನು ಬೈಯುವ ಮುನ್ನ ಆ ಜಾಲರಿಯನ್ನು ಕಳಚಿ ನೋಡಬೇಕು, ಬಹುಪಾಲು ದೋಷ ಅಲ್ಲೇ ಸಿಗುತ್ತದೆ. ಪ್ರತಿದಿನ ಬೆಳಿಗ್ಗೆ ಸ್ವಲ್ಪ ಹೊತ್ತು ಜೋರು ಉರಿ ಹಾಕಿದರೆ ಜಿಗುಟು ದಪ್ಪವಾಗಿ ಕಟ್ಟುವುದಿಲ್ಲ.

ಎರಡನೆಯದು ಕಾರ್ಬನ್ ಮಾನಾಕ್ಸೈಡ್. ಹೊಗೆಯೆಲ್ಲ ಕೊಳವೆಯಿಂದ ಹೊರಗೆ ಹೋಗುತ್ತದಲ್ಲ ಎಂಬ ಸಮಾಧಾನ ಸಾಲದು. ಜ್ವಾಲೆ ಆರಿ ಬರೀ ಕೆಂಡ ಉಳಿದಾಗ ಕಣ್ಣಿಗೆ ಕಾಣುವ ಹೊಗೆ ಇರುವುದಿಲ್ಲ, ಆದರೆ ಈ ಅನಿಲ ಹುಟ್ಟುತ್ತಲೇ ಇರುತ್ತದೆ. ಅದೇ ಹೊತ್ತಿಗೆ ಕೊಳವೆ ತಣ್ಣಗಾಗಿ ಮೇಲಕ್ಕೆಳೆಯುವ ಸೆಳೆತವೂ ಕುಗ್ಗಿರುತ್ತದೆ. ವಾಸನೆಯಿಲ್ಲದ ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟುತ್ತದೆ. ಆದ್ದರಿಂದ ಕೊಳವೆಯ ಡ್ಯಾಂಪರನ್ನು (ಹೊಗೆಯ ದಾರಿಯನ್ನು ಕಿರಿದು ಮಾಡುವ, ತಿರುಗುವ ತಗಡನ್ನು) ಎಂದೂ ಪೂರ್ತಿ ಮುಚ್ಚದಿರುವುದು, ಡೇರೆಯ ಕೆಳಗೊಂದು ಮೇಲೊಂದು ಕಿಂಡಿ ಬಿಡುವುದು, ಮಲಗಿದಾಗ ತಲೆ ಇರುವ ಎತ್ತರದಲ್ಲಿ ಬ್ಯಾಟರಿಯ ಅಲಾರಂ ಇಡುವುದು, ಈ ಮೂರರಲ್ಲಿ ಯಾವುದಕ್ಕೂ ವಿನಾಯಿತಿ ಇಲ್ಲ. ಮನೆಗಳಿಗಾಗಿ ಮಾಡಿದ ಎಷ್ಟೋ ಅಲಾರಂಗಳು ಘನೀಕರಣ ಬಿಂದುವಿಗಿಂತ ಕೆಳಗೆ ಬಳಸಲು ತಕ್ಕವಲ್ಲ. ಎಷ್ಟು ಚಳಿಯವರೆಗೆ ಕೆಲಸ ಮಾಡುತ್ತದೆ ಎಂಬುದನ್ನು ಪೆಟ್ಟಿಗೆಯ ಮೇಲೆ ಓದಿಯೇ ಕೊಳ್ಳಬೇಕು, ಅದಕ್ಕೆ ಲಿಥಿಯಂ ಸೆಲ್ ಹಾಕಬೇಕು.

ಡೇರೆಯನ್ನು ಬಿಟ್ಟು ಒಲೆಯನ್ನಷ್ಟೇ ಆಯ್ಕೆ ಮಾಡುವುದೂ ಸಾಧ್ಯವಿಲ್ಲ. ಹತ್ತಿಯ ಕ್ಯಾನ್ವಾಸ್ ಭಾರವಾದರೂ ಕಿಡಿ ಬಿದ್ದರೆ ಸಾಮಾನ್ಯವಾಗಿ ಸಣ್ಣ ಕಲೆಯಾಗುತ್ತದೆ. ನೈಲಾನ್, ಪಾಲಿಯೆಸ್ಟರ್‌ಗಳು 220ರಿಂದ 260 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುವುದರಿಂದ ತೂತೇ ಬೀಳುತ್ತದೆ. ಯಾವ ಬಟ್ಟೆಯಾದರೂ ಕೊಳವೆ ಹಾದುಹೋಗುವ ಜಾಗದಲ್ಲಿ ಶಾಖ ತಡೆಯುವ ಪಟ್ಟಿ ಇರಲೇಬೇಕು, ಕೊಳವೆಯ ತುದಿ ಡೇರೆಯ ನೆತ್ತಿಗಿಂತ ಮೇಲಿರಬೇಕು, ಗಾಳಿಗೆ ಅಲುಗದಂತೆ ತಂತಿಯಿಂದ ಬಿಗಿದಿರಬೇಕು. ಒಲೆಯ ಕೆಳಗಿನ ಹೆಪ್ಪುಗಟ್ಟಿದ ನೆಲ ಬಿಸಿಗೆ ಕರಗಿ ಕಾಲುಗಳು ಒಂದೊಂದು ಕಡೆ ಹೂತುಹೋಗುವುದು ಸಾಮಾನ್ಯ. ಹಸಿಮರದ ದಿಮ್ಮಿಗಳನ್ನು ಅಡ್ಡಡ್ಡ ಹಾಸಿ ಅದರ ಮೇಲೆ ಒಲೆ ಇಟ್ಟರೆ ವಾರದ ಶಿಬಿರಕ್ಕೆ ತೊಂದರೆಯಿಲ್ಲ.

ಎಷ್ಟು ಒಳ್ಳೆಯ ಒಲೆಯೂ ಹಸಿ ಸೌದೆಯ ಮುಂದೆ ಸೋಲುತ್ತದೆ. ತೂಕದಲ್ಲಿ ಶೇಕಡಾ 20ರಷ್ಟು ನೀರಿರುವ ಸೌದೆಯ ಒಂದು ಕಿಲೋ ಸುಮಾರು 15 ಮೆಗಾಜೌಲ್ ಶಾಖ ಕೊಟ್ಟರೆ, ಅರ್ಧಕ್ಕರ್ಧ ನೀರೇ ಇರುವ ಹಸಿ ಸೌದೆ ಅದರ ಅರ್ಧದಷ್ಟನ್ನು ಮಾತ್ರ ಕೊಡುತ್ತದೆ, ಮೇಲಿಂದ ಕೊಳವೆಗೆ ಮಸಿ ಮೆತ್ತುತ್ತದೆ. ನೆಲಕ್ಕೆ ಬಿದ್ದ ಮರಕ್ಕಿಂತ ನಿಂತಲ್ಲೇ ಒಣಗಿದ ಮರ ಮೇಲು.

ಸಾದಾ ಉಕ್ಕು ತುಕ್ಕು ಹಿಡಿಯುತ್ತದೆ ಎಂಬ ದೂರು ನಿಜ, ಆದರೆ ಅದರ ಬಹುಪಾಲು ಬರುವುದು ಹಿಮದಿಂದಲ್ಲ, ಒಳಗೆ ಬಿಟ್ಟ ಬೂದಿಯಿಂದ. ಬೂದಿ ಗಾಳಿಯ ತೇವವನ್ನು ಹೀರಿಕೊಂಡು ಬೇಸಿಗೆಯುದ್ದಕ್ಕೂ ತಳವನ್ನು ತಿನ್ನುತ್ತದೆ. ಋತು ಮುಗಿದ ಮೇಲೆ ಪೂರ್ತಿ ಗುಡಿಸಿ, ಒರೆಸಿ, ತೆಳುವಾಗಿ ಎಣ್ಣೆ ಸವರಿಟ್ಟ ನನ್ನ ಒಲೆಯ ತಳ ಇನ್ನೂ ಗಟ್ಟಿಯಾಗಿದೆ; ಮುಂದಿನ ಋತುವಿನ ಮೊದಲ ಉರಿಯನ್ನು ಆ ಎಣ್ಣೆಯ ಹೊಗೆ ಹೋಗುವ ತನಕ ಡೇರೆಯ ಹೊರಗೇ ಹಾಕುತ್ತೇನೆ. ಬದಲಿಸಬೇಕಾಗಿ ಬಂದಿರುವುದು ಬಾಗಿಲಿನ ಹಗ್ಗವನ್ನು ಮಾತ್ರ. ತಣ್ಣಗಿರುವ ಒಲೆಯ ಬಾಗಿಲಿಗೆ ಒಂದು ಚೂರು ಕಾಗದ ಸಿಕ್ಕಿಸಿ ಮುಚ್ಚಿ, ನಾಲ್ಕೂ ಅಂಚಿನಲ್ಲಿ ಎಳೆದು ನೋಡಿದರೆ ಸಾಕು: ಕಾಗದ ಸಲೀಸಾಗಿ ಜಾರಿ ಬಂದ ಕಡೆ ಹಗ್ಗ ಸವೆದಿದೆ ಎಂದು ಅರ್ಥ, ಆ ಒಲೆಯನ್ನು ರಾತ್ರಿಯಿಡೀ ನಿಧಾನ ಉರಿಯಲ್ಲಿ ಇಡಲು ಹೊಸ ಹಗ್ಗ ಕೂರಿಸುವ ತನಕ ಆಗದು.